ಬೆಂಚಿಗೆ ಡಿಬಾರ್

ನಕಲು ಹೊಡೆಯುವ ಮಕ್ಕಳ ಬಗ್ಗೆ ನನಗೆ ಕರುಣೆ ಕಡಿಮೆ. ಇಷ್ಟು ವರ್ಷದ ನೌಕರಿಯಲ್ಲಿ ಅಂಗಿಯ ಮಡಿಕೆಯಿಂದ, ಜಾಮಿಟ್ರಿ ಬಾಕ್ಸಿನಿಂದ, ಒಮ್ಮೆ ಕೈಗೆ ಕಟ್ಟಿದ್ದ ಬ್ಯಾಂಡೇಜಿನಿಂದಲೂ ಚೀಟಿ ತೆಗೆದಿದ್ದೇನೆ. ಡಿಬಾರ್ ಮಾಡಿಸಿ ತಾಯಂದಿರ ಶಾಪವನ್ನೂ ಹಾಕಿಸಿಕೊಂಡಿದ್ದೇನೆ. ಆದರೆ ಹುಡುಗನನ್ನು ಬಿಟ್ಟು ಅವನು ಕೂತಿದ್ದ ಬೆಂಚನ್ನು ಡಿಬಾರ್ ಮಾಡಿದ್ದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ಮುಂದಿನ ವರ್ಷ ಅದೇ ಬೆಂಚಿನಲ್ಲಿ ಕೂತ ಪಾಪದ ಹುಡುಗಿಗೆ, ‘ಅಮ್ಮಾ ತಾಯಿ, ಈ ಬೆಂಚಿನ ಮೇಲೆ ನಿಷೇಧವಿದೆ, ನಿನ್ನ ಪೇಪರು ತಿದ್ದುವುದಿಲ್ಲ’ ಎಂದದ್ದನ್ನು?

ವಿಡಿಯೊ ಗೇಮಿನ ಕಂಪನಿಗಳು ಮಾಡುತ್ತಿರುವುದು ಇದನ್ನೇ.

ನನಗೆ ಇದು ಗೊತ್ತಾದದ್ದು ಹನ್ನೆರಡು ವರ್ಷದ ಹಿಂದೆ. ಮಗನಿಗೆ ಆಗ ಹದಿನಾಲ್ಕು. ಸ್ನೇಹಿತರೆಲ್ಲ ತಂತಮ್ಮ ಮನೆಯಲ್ಲಿ ಕೂತೇ ಒಟ್ಟಿಗೆ ಆಡುತ್ತಾರೆ, ನಾನೊಬ್ಬನೇ ಇಲ್ಲ ಎಂದು ಅವನ ಗೋಳು. ಹೊಸದರ ಬೆಲೆ ಕೇಳಿ ನಮ್ಮೆಜಮಾನರು ಪೇಪರಿನಿಂದ ಮುಖವನ್ನೇ ಎತ್ತಲಿಲ್ಲ. ಚೀಟಿ ಎತ್ತಿದ ದುಡ್ಡಿನಲ್ಲಿ ನಾನೇ ಒಂದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಡಿಸಿದೆ. ಯಾವ ಕಂಪನಿಯದು ಎನ್ನುವುದು ಬೇಡ. ಅಂಗಡಿಯ ಹುಡುಗ ಅದನ್ನು ಬಟ್ಟೆಯಲ್ಲಿ ಒರೆಸಿ ಕೊಡುತ್ತ, ‘ಮೇಡಂ, ಚೆನ್ನಾಗಿದೆ. ನೆಟ್ ಮಾತ್ರ ಹಾಕ್ಬೇಡಿ’ ಎಂದ. ಕರೆಂಟ್ ಬಿಲ್ ಬಗ್ಗೆ ಹೇಳುವಂತೆ ಅಷ್ಟು ಸಲೀಸಾಗಿ ಹೇಳಿದ್ದರಿಂದ ನಾನು ಅರ್ಥವನ್ನೇ ಕೇಳಲಿಲ್ಲ.

ನೆಟ್ ಹಾಕಿದ ಸಂಜೆಯೇ ಅರ್ಥವಾಯಿತು. ಈ ಯಂತ್ರವನ್ನು ನಿಷೇಧಿಸಲಾಗಿದೆ ಎಂದು ಪರದೆಯ ಮೇಲೆ ಬಂತು. ಹಿಂದಿನ ಮಾಲೀಕ ಅದನ್ನು ಬಿಚ್ಚಿಸಿ, ನಕಲು ಆಟ ಓಡುವಂತೆ ತಿದ್ದಿಸಿ, ಸಿಕ್ಕಿಬಿದ್ದ ಮೇಲೆ ಮಾರಿದ್ದ. ಕಂಪನಿಗೆ ಬರೆದೆ. ನಿರ್ಧಾರ ಅಂತಿಮ ಎಂದು ಎರಡು ಸಾಲಿನ ಉತ್ತರ. ಮಗ ಅಳಲಿಲ್ಲ. ‘ಹೋಗ್ಲಿ ಬಿಡಮ್ಮಾ, ನಿಂಗೇನ್ ಗೊತ್ತಿತ್ತು’ ಎಂದು ನನ್ನನ್ನೇ ಸಮಾಧಾನ ಮಾಡಿದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇದು ನಡೆಯುವ ಬಗೆ ಸರಳ. ಕಾರ್ಖಾನೆಯಲ್ಲೇ ಪ್ರತಿ ಪೆಟ್ಟಿಗೆಯೊಳಗೂ ಒಂದು ಗುರುತಿನ ಸಂಖ್ಯೆ, ಒಂದು ಪ್ರಮಾಣಪತ್ರ ಅಚ್ಚಾಗಿರುತ್ತದೆ. ಅಂತರ್ಜಾಲಕ್ಕೆ ಹೋದಾಗಲೆಲ್ಲ ಪೆಟ್ಟಿಗೆ ಅದನ್ನು ತೋರಿಸಿಯೇ ಒಳಗೆ ಹೋಗಬೇಕು. ಬೀಗ ಒಡೆದ ಗುರುತು ಕಂಡರೆ ಆ ಸಂಖ್ಯೆ ಕಪ್ಪುಪಟ್ಟಿಗೆ. ಯಂತ್ರದೊಳಗಿನದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿದರೂ ಸಂಖ್ಯೆ ಬದಲಾಗದು. ಮನೆ ತೊಳೆದು ಸುಣ್ಣ ಬಳಿದರೆ ಸರ್ವೆ ನಂಬರು ಬದಲಾಗುತ್ತದೆಯೇ!

2009ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಹೀಗೆ ತಿದ್ದಿದ ಎಕ್ಸ್‌ಬಾಕ್ಸ್ 360 ಯಂತ್ರಗಳನ್ನು ತನ್ನ ಜಾಲದಿಂದ ಸಾರಾಸಗಟಾಗಿ ಹೊರಹಾಕಿತು. 6 ಲಕ್ಷದಿಂದ 10 ಲಕ್ಷ ಎಂದು ಪತ್ರಿಕೆಗಳು ಬರೆದವು. ಸಣ್ಣ ಪ್ರಮಾಣ ಎಂದಷ್ಟೇ ಕಂಪನಿ ಹೇಳಿತು. ಸೋಜಿಗವೆಂದರೆ ತಪ್ಪು ಮಾಡಿದವನ ಖಾತೆಗೆ ಏನೂ ಆಗಲಿಲ್ಲ. ಅವನು ಇನ್ನೊಂದು ಪೆಟ್ಟಿಗೆ ಕೊಂಡು ಅದೇ ಹೆಸರಿನಲ್ಲಿ ಆಟ ಮುಂದುವರಿಸಬಹುದಿತ್ತು. ಹಳೆಯ ಪೆಟ್ಟಿಗೆ ಎಲ್ಲಿಗೆ ಹೋಯಿತು? ಸೆಕೆಂಡ್ ಹ್ಯಾಂಡ್ ಬಜಾರಿಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಾರು? ದುಡ್ಡು ಕಮ್ಮಿ ಇದ್ದವರು. ಶಿಕ್ಷೆಯೆನ್ನುವುದು ಹೇಗೆ ಮೇಲಿನವನಿಂದ ಜಾರಿ ಕೆಳಗಿನವನ ತಲೆಗೆ ಬೀಳುತ್ತದೆ ನೋಡಿ. ಕಂಪನಿಗಂತೂ ಇನ್ನೊಂದು ಪೆಟ್ಟಿಗೆಯ ವ್ಯಾಪಾರ.

ಈಚೆಗೆ ಬಿಗಿ ಇನ್ನೂ ಹೆಚ್ಚಿದೆ. 2025ರ ಮೇನಲ್ಲಿ ನಿಂಟೆಂಡೊ ಅಮೆರಿಕದ ಗ್ರಾಹಕರ ಕರಾರು ತಿದ್ದಿ, ನಿಯಮ ಮೀರಿದರೆ ಯಂತ್ರವನ್ನೇ ಪೂರ್ತಿಯೋ ಭಾಗಶಃವೋ ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡಬಹುದು ಎಂದು ಬರೆದುಕೊಂಡಿತು. ಜೂನ್ 5ಕ್ಕೆ ಸ್ವಿಚ್ 2 ಬಂತು. ಅದೇ ತಿಂಗಳು, ನಕಲು ಆಟ ಓಡಿಸುವ ಕಾರ್ಡು ತೂರಿಸಿದವರ ಯಂತ್ರಗಳಿಗೆ ಬಾಗಿಲು ಮುಚ್ಚಿತು. ಆಟದ ಅಸಲಿ ಕಾರ್ಡುಗಳಿಗೂ ಒಂದೊಂದು ಗುರುತಿರುತ್ತದೆ. ಯಾರೋ ಅದನ್ನು ನಕಲು ಮಾಡಿಕೊಂಡು ಅಸಲಿಯನ್ನು ಮಾರಿದರೆ, ಕೊಂಡವನೂ ಕಳ್ಳನಂತೆ ಕಾಣುತ್ತಾನೆ. ಆ ಬೇಸಿಗೆಯಲ್ಲಿ ಹೀಗೆ ಸಿಕ್ಕಿಕೊಂಡ ಗ್ರಾಹಕನೊಬ್ಬ ಕಾರ್ಡು ಕೊಂಡ ದಾಖಲೆ ತೋರಿಸಿದ ಮೇಲೆ ನಿಷೇಧ ತೆಗೆದರಂತೆ. ನಿರಪರಾಧಿ ಎಂದು ನೀನೇ ಸಾಬೀತು ಮಾಡು ಎನ್ನುವ ನ್ಯಾಯ ಇದು.

ಹಾಗಾದರೆ ಬೀಗ ಒಡೆಯುವವರ ಪರವೇ ನೀನು ಎಂದು ಕೇಳಬಹುದು. ಅಲ್ಲ. ವರ್ಷಗಟ್ಟಲೆ ದುಡಿದು ಮಾಡಿದ ಆಟವನ್ನು ಬಿಟ್ಟಿ ಆಡುವುದು ಕಳ್ಳತನವೇ. (ಇಡೀ ಗೈಡನ್ನು ಜೆರಾಕ್ಸ್ ಮಾಡಿಸಿ ತರಗತಿಗೆ ಹಂಚಿದ ನನಗೆ ಈ ಮಾತು ಆಡುವ ಹಕ್ಕು ಎಷ್ಟೋ!) ಮೋಸದಾಟ ಆಡಿ ನಾಲ್ವರ ಆಟ ಕೆಡಿಸುವವನನ್ನು ಮೈದಾನದಿಂದ ಅಟ್ಟಲಿ, ನಾನೇ ಪೀಪಿ ಊದುತ್ತೇನೆ. ಅಟ್ಟುವುದು ಅವನನ್ನು, ಅವನ ಹೆಸರನ್ನು. ಅವನು ಮಾರಿ ಹೋದ ಬ್ಯಾಟನ್ನಲ್ಲ.

ಇನ್ನು ನಿಷೇಧ ತಪ್ಪಿಸಿಕೊಳ್ಳುವ ಉಪಾಯಗಳ ಬಗ್ಗೆ ಹುಡುಗರು ಮಾತಾಡುವುದನ್ನು ಕೇಳಬೇಕು. ವೈಫೈ ಪಾಸ್‌ವರ್ಡ್ ಅಳಿಸಿಬಿಡು, ಏರೋಪ್ಲೇನ್ ಮೋಡಿನಲ್ಲಿಡು, ಮೆಮೊರಿ ಕಾರ್ಡಿನಲ್ಲಿ ಎರಡನೆಯ ಸಂಸಾರ ಹೂಡಿ ಕಳ್ಳಾಟವೆಲ್ಲ ಅಲ್ಲಿರಲಿ, ಕಂಪನಿಯ ವಿಳಾಸಗಳನ್ನೇ ತಡೆಹಿಡಿ. ಇಷ್ಟಾದರೂ ಯಾರೂ ಖಾತರಿ ಕೊಡರು. ಎಲ್ಲದರ ಸಾರ ಅಂಗಡಿಯ ಹುಡುಗ ಹೇಳಿದ್ದೇ, ನೆಟ್ ಮಾತ್ರ ಹಾಕ್ಬೇಡಿ. ಸ್ನೇಹಿತರ ಜೊತೆ ಆಡಲೆಂದು ತಂದ ಪೆಟ್ಟಿಗೆಯನ್ನು ಕದ ಹಾಕಿಕೊಂಡು ಒಬ್ಬನೇ ಆಡುವುದಂತೆ! ಅಕ್ಕಪಕ್ಕದ ತಾಯಂದಿರೂ ನನ್ನ ಹತ್ತಿರ ಇದನ್ನೇ ಕೇಳುತ್ತಾರೆ: ‘ಸಿಕ್ಕಿಬೀಳದ ಹಾಗೆ ಏನಾದರೂ ಇದೆಯೇ, ಮಿಸ್?’ ಚೀಟಿಯನ್ನು ಎಲ್ಲಿ ಬಚ್ಚಿಡಬೇಕೆಂದು ಟೀಚರನ್ನೇ ಕೇಳಿದ ಹಾಗಾಯಿತು.

ಆದರೆ ಬೀಗ ಒಡೆಯುವವರೆಲ್ಲ ಕಳ್ಳರಲ್ಲ ಎಂಬುದೂ ನಿಜ. 2006ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ಮಾರುವಾಗ ಅದರಲ್ಲಿ ಲಿನಕ್ಸ್ ಹಾಕಿ ಕಂಪ್ಯೂಟರಿನಂತೆಯೂ ಬಳಸಲು ಬಿಟ್ಟಿತ್ತು. ಅಮೆರಿಕದ ವಾಯುಪಡೆ 1,760 ಪೆಟ್ಟಿಗೆಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರನ್ನೇ ಕಟ್ಟಿತು. 2010ರ ಏಪ್ರಿಲ್ 1ರಂದು, ಭದ್ರತೆಯ ಕಾರಣ ಹೇಳಿ, ಕಂಪನಿ ಆ ಸೌಲಭ್ಯವನ್ನೇ ಕಿತ್ತುಕೊಂಡಿತು. ಒಪ್ಪದಿದ್ದರೆ ಆನ್‌ಲೈನ್ ಆಟ ಬಂದ್. ಗ್ರಾಹಕರು ಕೋರ್ಟಿಗೆ ಹೋಗಿ ಕೊನೆಗೆ ರಾಜಿಯಾಯಿತು. ಮದುವೆಯಲ್ಲಿ ಕೊಟ್ಟ ಬಳೆಯನ್ನು ಮೂರು ವರ್ಷದ ಮೇಲೆ ಬಂದು ಕಳಚಿಕೊಳ್ಳುವ ಬೀಗರನ್ನು ನಾವು ಏನನ್ನುತ್ತೇವೆ?

ನಮ್ಮ ಕಾಯಿದೆ ಈ ವಿಷಯದಲ್ಲಿ ಪರವಾಗಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿಸಿದ 65ಎ ಕಲಮಿನ ಪ್ರಕಾರ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ದಂಡ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕು. ಸರ್ಕಾರಕ್ಕೆ ತಿಳಿದ ಈ ಉದ್ದೇಶ ಎಂಬ ಮಾತು ಕಂಪನಿಯ ಪಟ್ಟಿಗೆ ತಿಳಿಯುವುದಿಲ್ಲ.

ನಾನು ದೊಡ್ಡದೇನೂ ಕೇಳುತ್ತಿಲ್ಲ. ಹಳೆಯ ಸ್ಕೂಟರ್ ಕೊಳ್ಳುವಾಗ ಆರ್‌ಸಿ ಪುಸ್ತಕ ನೋಡುತ್ತೇವೆ. ಹಳೆಯ ಮೊಬೈಲಿನ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿಯಲ್ಲಿ ಹಾಕಿದರೆ, ಇಲ್ಲವೇ 14422ಕ್ಕೆ ಸಂದೇಶ ಕಳಿಸಿದರೆ, ಅದು ಕಪ್ಪುಪಟ್ಟಿಯಲ್ಲಿದೆಯೇ ಎಂದು ಕೊಳ್ಳುವ ಮುಂಚೆಯೇ ಗೊತ್ತಾಗುತ್ತದೆ. ಆಟದ ಪೆಟ್ಟಿಗೆಗೂ ಹಾಗೆ ಮಾಡಲಿ. ಕಂಪನಿಗಳ ಹತ್ತಿರ ಪಟ್ಟಿ ಇದ್ದೇ ಇದೆಯಲ್ಲ. ನಾವು ಎಸ್ಸೆಸ್ಸೆಲ್ಸಿ ರಿಸಲ್ಟನ್ನು ಶಾಲೆಯ ಬೋರ್ಡಿಗೆ ಅಂಟಿಸುತ್ತಿದ್ದೆವು. ಹಾಗೆ ಅಂಟಿಸಲಿ, ಚೀಟಿಯ ದುಡ್ಡು ಹಿಡಿದು ಬಂದ ತಾಯಿ ಅಂಗಡಿಯ ಮೆಟ್ಟಿಲಲ್ಲೇ ನಿಂತು ನೋಡಿಕೊಳ್ಳುತ್ತಾಳೆ.