ಅರ್ಥಿಂಗ್ ಇಲ್ಲದ ರಸಿಕತೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಫ್ಲ್ಯಾಟುಗಳಲ್ಲಿ ನೆಲೆಸಿರುವ ನಾವು ಕನ್ನಡಿಗರು ಮಲ್ಲಿಕಾರ್ಜುನ ಮನ್ಸೂರರನ್ನು, ಭೀಮಸೇನ ಜೋಶಿಯವರನ್ನು ಕೇಳಲೆಂದು ಆಂಪ್ಲಿಫೈಯರಿಗೆ ತಿಂಗಳುಗಟ್ಟಲೆ ಸಂಬಳ ಸುರಿಯುತ್ತೇವೆ. ಅದಕ್ಕೆ ವಿದ್ಯುತ್ತು ಹರಿಯುವುದು ಮಾತ್ರ ಒಂದಕ್ಕೊಂದು ಸಿಕ್ಕಿಸಿದ ಮೂರು ಎಕ್ಸ್‌ಟೆನ್ಶನ್ ಬೋರ್ಡುಗಳಿಂದ. ಆಲಾಪ ತೊಡಗುವ ಮುನ್ನವೇ ಸ್ಪೀಕರು ‘ಗುಂಯ್’ ಎನ್ನುತ್ತದೆ. ಆ ದನಿ ತಂಬೂರಿಯದಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತಿನದು.

ಇದಕ್ಕೆ ಮದ್ದೆಂದು ಸಾವಿರಾರು ರೂಪಾಯಿಯ ಪವರ್ ಕೇಬಲ್ ಮಾರುವವರನ್ನು ನಾವು ಪ್ರಶ್ನಿಸಲೇಬೇಕು. ಉಪಕೇಂದ್ರದಿಂದ ಗೋಡೆಯವರೆಗೆ ಸಾಮಾನ್ಯ ತಂತಿಯಲ್ಲೇ ಬಂದ ವಿದ್ಯುತ್ತು ಕೊನೆಯ ಒಂದೂವರೆ ಮೀಟರಿನಲ್ಲಿ ಪಾವನವಾಗುವುದೆಂತು? ದೋಷದ ಮೂಲ ಹೆಚ್ಚಾಗಿ ಬೇರೆಡೆಯಿದೆ. ಎರಡು ಉಪಕರಣಗಳನ್ನು ಎರಡು ಗೋಡೆಗಳ ಸಾಕೆಟ್ಟಿಗೆ ಜೋಡಿಸಿದಾಗ, ಆ ಎರಡು ಅರ್ಥ್‌ಗಳ ನಡುವಣ ಅಲ್ಪ ವೋಲ್ಟೇಜು ಸಿಗ್ನಲ್ ತಂತಿಯ ಹೊರಕವಚದಲ್ಲಿ ಪ್ರವಾಹ ಹರಿಸುತ್ತದೆ.

ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸಿ ಸದ್ದಡಗಿಸುತ್ತಾರೆ. ಇದಕ್ಕಿಂತ ದುಬಾರಿಯಾದ ಮೌನ ಇನ್ನೊಂದಿಲ್ಲ. ಲೋಹದ ಪೆಟ್ಟಿಗೆಗೆ 230 ವೋಲ್ಟ್ ತಗುಲಿದ ದಿನ, ಮುಟ್ಟಿದವರ ದೇಹದ ಮೂಲಕವೇ ವಿದ್ಯುತ್ತು ಭೂಮಿಗಿಳಿಯುತ್ತದೆ.

ಪರಿಹಾರ ಸರಳ. ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಪರೀಕ್ಷೆ. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಬಳಿಕ ಏಸಿ, ಗೀಸರುಗಳೊಡನೆ ಹಂಚಿಕೊಳ್ಳದ, ತಕ್ಕ ಎಂಸಿಬಿಯುಳ್ಳ ಒಂದು ಸಾಕೆಟ್ಟು. ಅದರಿಂದ ದಪ್ಪ ತಂತಿಯ ಒಂದೇ ಬೋರ್ಡು. ಪ್ರತಿ ಉಪಕರಣಕ್ಕೂ ಅಲ್ಲಿಂದಲೇ ನೇರ ಸಂಪರ್ಕ. ರ‍್ಯಾಕಿನ ಒಂದು ಬದಿಗೆ ವಿದ್ಯುತ್ ತಂತಿಗಳು, ಇನ್ನೊಂದು ಬದಿಗೆ ಸಿಗ್ನಲ್ ತಂತಿಗಳು.

ಬಾಡಿಗೆ ಮನೆಗೇಕೆ ಇಷ್ಟೆಲ್ಲ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಗೋಡೆ ಮಾಲೀಕರದಿರಬಹುದು, ಮುಟ್ಟುವ ಕೈ ನಮ್ಮ ಮಕ್ಕಳದು.