ಪಕ್ಷಭೇದವೂ ಪ್ರಜಾಪ್ರಭುತ್ವವೂ

ಪಕ್ಷಕಲಹದಿಂದ ದೇಶಕ್ಕೆ ಕೇಡೊದಗೀತೆಂದು 1796ರಲ್ಲಿ ವಾಷಿಂಗ್ಟನ್ನರು ಅಮೆರಿಕದ ಜನರನ್ನು ಎಚ್ಚರಿಸಿದರು. ಆದರೆ ಹ್ಯಾಮಿಲ್ಟನ್, ಜೆಫರ್ಸನ್ನರ ಬಣಗಳು ಅವರ ಮಂತ್ರಿಮಂಡಲದಲ್ಲಿಯೇ ಮೊಳೆತಿದ್ದುವು! 1800ರ ಚುನಾವಣೆಯಲ್ಲಿ ಜೆಫರ್ಸನ್ನರಿಗೂ ಅವರ ಪಕ್ಷದವರೇ ಆದ ಬರ್ ಅವರಿಗೂ 73 ಮತಗಳು ಸಮನಾಗಿ ಬಂದು, ಪ್ರತಿನಿಧಿಸಭೆಯು 36 ಸಲ ಮತವೆಣಿಸಬೇಕಾಯಿತು. ಆದರೂ ಸೋತ ಆಡಮ್ಸರು 1801ರಲ್ಲಿ ಶಾಂತವಾಗಿಯೇ ಅಧಿಕಾರವನ್ನು ಬಿಟ್ಟುಕೊಟ್ಟರು.

ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿದುದಕ್ಕೆ ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪಾಲಿಲ್ಲವೆಂಬ ನಿಜವಾದ ಕೊರಗೇ ಕಾರಣ. ಅದರ ಉತ್ತರಾಧಿಕಾರಿಯಾದ ಪ್ರಜಾಸಂಯುಕ್ತ ಪಕ್ಷದವರು 1937ರಲ್ಲಿ ಕಾಂಗ್ರೆಸ್ಸನ್ನು ಸೇರಿ ಜವಾಬ್ದಾರಿ ಸರಕಾರಕ್ಕಾಗಿ ಹೋರಾಡಿದರು. ಅಂದಿನ ಪಕ್ಷಭೇದವು ನಾಡನ್ನು ಒಡೆಯಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೊಳಗೊಂಡ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ರಾಜೇಗೌಡರಿಗೂ ಭಾರತೀಯ ಜನತಾ ಪಕ್ಷದ ಜೀವರಾಜರಿಗೂ 2018ರಲ್ಲಿ ಪ್ರಕಟವಾದ ಅಂತರವು 1,989. 2023ರಲ್ಲಿ ಬರಿಯ 201! ಸೋತವರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದು ನೆಟ್ಟಗಿನ ದಾರಿಯೇ. ಆದರೆ ಪಕ್ಷವನ್ನು ನೋಡಿ ನೆರೆಮನೆಯ ಮದುವೆಯ ಕರೆಯನ್ನು ತಿರಸ್ಕರಿಸುವುದನ್ನು ನಾವು ಒಪ್ಪಲಾರೆವು. ಹಳದಿ ಎಲೆ ರೋಗದಿಂದ ಬಡವಾದ ಅಡಕೆ ತೋಟಗಳಿಗೆ ತಾವೇನು ಮಾಡುವೆವೆಂಬುದನ್ನು ಎರಡು ಪಕ್ಷದವರೂ ಮುಂದಿನ ಚುನಾವಣೆಗೆ ಮೊದಲೇ ಬರೆದುಕೊಡಲಿ. ಮತದಾರರು ಅದನ್ನೇ ಕೇಳಲಿ.