ಎಣ್ಣೆ ಎರೆಯುವ ಕೈ

ಮೇಣದ ಬತ್ತಿ ಪರಕೀಯವೆಂದೂ ಅದನ್ನು ಹೊಸ್ತಿಲಲ್ಲಿಟ್ಟರೆ ಧರ್ಮಕ್ಕೆ ಲೋಪವೆಂದೂ ಸೇಲಂ-ಧರ್ಮಪುರಿ ಸೀಮೆಯ ನಮ್ಮವರಲ್ಲಿ ಕೆಲವರು ವಾದಿಸುತ್ತಾರೆ. ಕಾರ್ತಿಕ ದೀಪವು ತಮಿಳರದು, ಬಲಿಪಾಡ್ಯಮಿಯ ದೀಪವೇ ಕನ್ನಡಿಗರದು ಎಂದು ಗೆರೆ ಎಳೆಯುವವರೂ ಉಂಟು. ಈ ಎರಡು ಮಾತನ್ನೂ ನಾವು ಒಪ್ಪಲಾರೆವು.

ನಮ್ಮ ಹಿರಿಯರು ದೀಪದಲ್ಲಿ ಕಂಡದ್ದು ಬೆಳಕನ್ನು ಮಾತ್ರವಲ್ಲ, ಹೊಣೆಯನ್ನು. ಈ ಸೀಮೆಯನ್ನೂ ಆಳಿದ ಚೋಳರ ಕಾಲದ ಶಾಸನಗಳನ್ನು ನೋಡಿರಿ: ದೇವಾಲಯದ ಒಂದು ನಂದಾದೀಪಕ್ಕೆ ದಾನಿಯು 90 ಅಥವಾ 96 ಆಡುಕುರಿಗಳನ್ನು ಬಿಡುತ್ತಿದ್ದನು. ಅವನ್ನು ವಹಿಸಿಕೊಂಡ ಕುರಿಗಾಹಿಯು ದಿನವೂ ಗೊತ್ತಾದ ಅಳತೆಯ ತುಪ್ಪವನ್ನು ಒಪ್ಪಿಸಬೇಕು. ಆ ಮಂದೆಗೆ 'ಸಾಯದ, ಮುಪ್ಪಾಗದ' ಮಂದೆಯೆಂದು ಹೆಸರು; ಒಂದು ಸತ್ತರೆ ಮರಿಯೊಂದು ಅದರ ಲೆಕ್ಕ ತುಂಬಬೇಕು. ದಾನಿ ಅಳಿದರೂ ಕುರಿಗಾಹಿ ಅಳಿದರೂ ದೀಪ ನಂದಬಾರದು.

ಇಂದು ಗುಡಿಯ ಬಾಗಿಲಿಗೆ ವಿದ್ಯುದ್ದೀಪಗಳ ಸರ. ದೇವರ ಕೋಣೆಯಲ್ಲಿ ಗುಂಡಿ ಒತ್ತಿದರೆ ಹೊತ್ತುವ ಪುಟ್ಟ ಬಲ್ಬು. ಅದಕ್ಕೆ ಎಣ್ಣೆ ಬೇಡ, ಬತ್ತಿ ಬೇಡ, ಸಂಜೆಗೆ ಮನೆಯಲ್ಲಿ ಒಬ್ಬರಿರಬೇಕೆಂಬ ನಿಯಮವೂ ಬೇಡ. ನಮ್ಮ ಆಕ್ಷೇಪಣೆ ಇದಕ್ಕೆ. ಎಣ್ಣೆಯಿಲ್ಲದ ದಿನ ಬಡವನು ಹಚ್ಚಿಟ್ಟ ಮೇಣದ ಬತ್ತಿಯು ಈ ಬಲ್ಬಿಗಿಂತ ದೀಪಕ್ಕೆ ಹತ್ತಿರ. ಗಾಳಿ ಬೀಸಿದಾಗ ಅದಕ್ಕೆ ಅಂಗೈ ಅಡ್ಡ ಹಿಡಿಯಬೇಕಲ್ಲವೇ?

ಸಂಜೆದೀಪಕ್ಕೆ ಕೈಮುಗಿಸಿ ಮಗುವಿಗೆ ಕನ್ನಡದಲ್ಲಿ ನಾಲ್ಕು ಮಾತು ಕಲಿಸುತ್ತಿದ್ದ ಹೊತ್ತೂ ಎಣ್ಣೆಬತ್ತಿಯ ಸಂಗಡವೇ ಹೋಗುತ್ತಿದೆ. ತಮಿಳು ನಾಡಿನ ನಡುವೆ ನಮ್ಮ ಮನೆಮಾತೂ ದಿನವೂ ಎರೆದರಷ್ಟೇ ಉಳಿಯುವ ದೀಪ. ಮೇಣವನ್ನು ಹಳಿಯುವ ಮೊದಲು, ಮಹನೀಯರೇ, ನಮ್ಮ ನಮ್ಮ ಕೈಗಳನ್ನು ನೋಡಿಕೊಳ್ಳೋಣ: ಎಣ್ಣೆಯ ಜಿಡ್ಡು ಅಂಟಿದೆಯೇ?